ಕಚ್ಚಿಸಿಕೊಳ್ಳುವ ಪಾಳಿ

“ಇವನ ಮಾತೇನ್ ಕೇಳ್ತೀರಿ, ಒಂಬತ್ತನೇ ಇಯತ್ತಾ ನಪಾಸ. ಮೀನಿನ ಹೇಲು ಬಳಿಯೂದು ಇವನ ನೌಕರಿ!”

ಹೀಗೆಂದವನು ನನ್ನ ಸ್ವಂತ ಅಣ್ಣ ಸುಶೀಲಕುಮಾರ. ಭಾಲ್ಕಿಯ ಅವನ ಆಫೀಸಿನಿಂದ ಬಂದ ಮೂವರು ಎದುರಿಗೆ ಕುಳಿತು ನಮ್ಮವ್ವ ಮಾಡಿದ ಮಟನ್ ಊಟ ಮಾಡುತ್ತಿದ್ದರು. ಮೂವರೂ ನಕ್ಕರು. ಅವರಲ್ಲಿ ಸ್ವಪ್ನಿಲ ಎಂಬವನಂತೂ ಕೈಯಲ್ಲಿದ್ದ ಎಲುಬು ತಾಟಿನಲ್ಲಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕ. ಊಟ ಹಾಕಿದವನು ಏನಂದರೂ ಇಂಥವರಿಗೆ ನಗು ಬರುತ್ತದೆ.

ನಡೆದದ್ದು ಇಷ್ಟು. ಬಡ್ತಿ ಸಿಕ್ಕ ಖುಷಿಗೆ ಅಣ್ಣ ನಾಲ್ಕು ಫೂಟಿನ ಗಾಜಿನ ಟ್ಯಾಂಕು ತಂದು, ಬೀದರದ ಮೈಲೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಇಟ್ಟಿದ್ದ. ಇಟ್ಟದ್ದು ನಾನು ಮಲಗುತ್ತಿದ್ದ ಮೂಲೆಯಲ್ಲಿ. ನಾನು ಅಡುಗೆಮನೆಯ ಬಾಗಿಲಿಗೆ ಬಂದೆ. ಟ್ಯಾಂಕಿನಲ್ಲಿ ಆರು ಸಿಕ್ಲಿಡ್ ಮೀನು. ಇವು ಆಫ್ರಿಕಾದ ಸರೋವರದ ಜಾತಿಯವು. ಒಂದು ನೀಲಿ ಗಂಡು, ಉಳಿದ ಐದು ಹಳದಿ. ಆ ಹೊತ್ತಿಗೆ ನೀಲಿಯು ಒಂದು ಹಳದಿಯನ್ನು ಈ ಗಾಜಿನಿಂದ ಆ ಗಾಜಿಗೆ ಅಟ್ಟಾಡುತ್ತಿತ್ತು. ಹಳದಿಯ ಬಾಲ ಹರಿದು ಚಿಂದಿಯಾಗಿತ್ತು, ಮೈ ಬಿಳಿಚಿತ್ತು.

“ನೋಡ್ರಿ, ಇದು ನಿಸರ್ಗ ನಿಯಮ. ತಾಕತ್ತು ಇದ್ದವ ಆಳ್ತಾನ, ಇಲ್ಲದವ ಓಡ್ತಾನ,” ಎಂದು ಅಣ್ಣ ಬೋಧನೆ ಮಾಡುತ್ತಿದ್ದ.

ನಾನು ನೀರಿನ ತಂಬಿಗೆ ಇಡುತ್ತ, “ತಾಕತ್ತಿಂದಲ್ಲ ದಾದಾ. ಅದು ಮೊದಲ ಬಂದು ದೊಡ್ಡ ಕಲ್ಲು ಹಿಡದದ. ಸರೋವರದಾಗ ಆದರ ಹಳದಿ ದೂರ ಓಡಿ ಉಳೀತಿತ್ತು. ಈ ನಾಲ್ಕು ಫೂಟಿನಾಗ ಎಲ್ಲಿಗಿ ಓಡಬೇಕು?” ಎಂದೆ.

ಅದಕ್ಕೆ ಸಿಕ್ಕ ಉತ್ತರವೇ ಆ ಮಾತು.

ನಮ್ಮಪ್ಪ ಗೋರಖನಾಥ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವನು, ಗಲಾಸು ಕೆಳಗಿಟ್ಟ. “ಸುಶೀಲ, ಬಳಿಯೂದು ಗಿಳಿಯೂದು ಈ ಮನ್ಯಾಗ ಆಡಬ್ಯಾಡ. ಆ ಮಾತು ಕೇಳಬಾರದಂತನೇ ನಮ್ಮಪ್ಪ ಹಳ್ಳಿ ಬಿಟ್ಟು ಬಂದಾನ.”

“ಮಷ್ಕಿರಿ ಮಾಡ್ದೆ ಅಪ್ಪ.”

“ಹೂಂ. ಮತ್ತ ಅನ್ನ ತರ್ರಿ,” ಎಂದ ಅಪ್ಪ. ಅವನ ಸಿಟ್ಟು ಅನ್ನ ಬರುವ ತನಕದ್ದು.

ನಾನು ನಪಾಸಾದವನಲ್ಲ. ಅಣ್ಣನ ಕಲಬುರ್ಗಿ ಹಾಸ್ಟೆಲ್ಲು, ನನ್ನ ಶಾಲೆ ಎರಡನ್ನೂ ಒಂದು ಪಗಾರದಲ್ಲಿ ತೂಗಿಸಲು ಆಗುವುದಿಲ್ಲ ಎಂದಾಗ ಪಾಟೀಚೀಲ ಗೂಟಕ್ಕೆ ಹಾಕಿದವನು. ಆಮೇಲೆ ಎಂಟು ವರ್ಷದಿಂದ ಶಹಾಗಂಜಿನ ಮುಜೀಬೋದ್ದೀನರ ಮೀನಿನ ಅಂಗಡಿಯಲ್ಲಿದ್ದೇನೆ. ಟ್ಯಾಂಕು ತೊಳೆಯುತ್ತೇನೆ, ಗಾಜು ಅಂಟಿಸುತ್ತೇನೆ, ಮೀನು ಸಾಕಲು ಬಾರದವರಿಗೆ ಮೀನು ಮಾರುತ್ತೇನೆ. ಇಂಥ ಗಿರಾಕಿಗಳದ್ದೆಲ್ಲ ಒಂದೇ ರಾಗ: “ಒಂದು ಮೀನು ಇನ್ನೊಂದಕ್ಕ ಕಡೀಲಾಕತ್ತದ, ದವಾ ಕೊಡ್ರಿ.” ಕಡಿಯುವುದಕ್ಕೆ ದವಾ ಎಲ್ಲಿಯದು? ಮುಜೀಬ ಸಾಬ ಮಾತ್ರ ಬಾಯಿ ಬಿಟ್ಟು ಹೇಳುತ್ತಾರೆ: “ಇವಕ್ಕ ನೀರಿನ ಮ್ಯಾಲ ಜಗಳಾ ಇಲ್ಲ ಸಾಬ್, ಕಲ್ಲಿನ ಮ್ಯಾಲ ಜಗಳಾ. ಮೀನು ಕಮ್ಮಿ ಇಡಬ್ಯಾಡ್ರಿ, ಜಾಸ್ತಿ ಇಡ್ರಿ. ಇಪ್ಪತ್ತು ಇದ್ದರ ಪೆಟ್ಟು ಎಲ್ಲಾರಿಗೂ ಹಂಚಿ ಹೋಗ್ತದ, ಯಾವುದೂ ಸಾಯೂದಿಲ್ಲ. ಕಲ್ಲು ಆಗಾಗ ತಿರುವ್ರಿ, ಯಾವನಿಗೂ ಮನಿ ಕಾಯಂ ಆಗಬಾರದು.” ಗಿರಾಕಿಗಳು ತಲೆ ಆಡಿಸಿ, ನೀಲಿ ಬಾಟಲಿ ದವಾ ಕೊಂಡು ಹೋಗುತ್ತಾರೆ.

ನಮ್ಮಣ್ಣ ಅದೂ ಕೇಳದವನು. ಮೀನನ್ನು ಹೈದರಾಬಾದಿನಿಂದ ತರಿಸಿದ್ದ. ತಮ್ಮ ಕೆಲಸ ಮಾಡುವ ಅಂಗಡಿಯಲ್ಲಿ ಕೊಂಡರೆ ಅವನ ಬಡ್ತಿಗೆ ಕಡಿಮೆ.

ಅತ್ತಿಗೆ ಸಪನಾ ಹೆರಿಗೆಗೆ ಕಮಠಾಣಕ್ಕೆ ತವರಿಗೆ ಹೋಗಿ ಒಂದು ತಿಂಗಳಾಗಿತ್ತು. ಆಕೆ ಇರುವ ತನಕ ಮುಂಜಾನೆ ಎದ್ದರೆ ಅಣ್ಣನ ಬಾಯಿ ಆಕೆಯ ಬೆನ್ನಿಗೇ. ರೊಟ್ಟಿ ದಪ್ಪ, ಚಹಾ ತೆಳು, ಅಂಗಿಯ ಇಸ್ತ್ರಿ ಸೊಟ್ಟ. ಆಕೆ ಹೋದ ಮೇಲೆ ಆ ಬಾಯಿ ನನ್ನ ಬೆನ್ನಿಗೆ ಬಂತು. ನಾನು ಉಂಡರೆ ತಪ್ಪು, ಉಣ್ಣದಿದ್ದರೆ ಕೊಬ್ಬು. ತಂಗಿ ಆಮ್ರಪಾಲಿ ಮಾತ್ರ ಪಾರು. ಆಕೆ ಬಿಎಸ್ಸಿ ಕೊನೆಯ ಸೆಮಿಸ್ಟರು. ಒಂದು ಮೂಲೆಯಲ್ಲಿ ಪುಸ್ತಕ ಹಿಡಿದು ಕೂತರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಮಟನ್ ಊಟ ಆಗಿ ಎರಡು ವಾರಕ್ಕೆ ಭಾಲ್ಕಿಯ ಒಂದು ಹೋಟೆಲಿಗೆ ಟ್ಯಾಂಕು ಕೊಡಲು ನಾನು ಹೊರಟೆ. ನಮ್ಮವ್ವ ಭಾಗೀರಥಿಬಾಯಿ ಡಬ್ಬಿ ತಂದು ಕೈಗಿಟ್ಟಳು. “ಸುಶೀಲ ಡಬ್ಬಿ ಬಿಟ್ಟು ಹೋಗ್ಯಾನ. ಹ್ಯಾಂಗೂ ಹೊಂಟೀದಿ, ಕೊಟ್ಟು ಬಾ.”

“ಹೊರಗ ತಿಂತಾನ ಬಿಡವ್ವ.”

“ಹೊರಗಿನ ಖಾರ ಅವಗ ಆಗಿಬರೂದಿಲ್ಲೋ. ಹೋಗು, ಪುಂಡಿಪಲ್ಯ ಅದ.”

ಆಫೀಸಿನಲ್ಲಿ ಅಣ್ಣ ಇರಲಿಲ್ಲ. ಸಾಹೇಬರ ಮನೆಗೆ ಹೋಗಿದ್ದಾನೆ, ಹಿಂದಿನ ಗಲ್ಲಿ, ಎಂದರು. ಹೋದೆ. ಅಂಗಳದಲ್ಲಿ ಸಾಹೇಬರು ಕುರ್ಚಿಯಲ್ಲಿ ಕುಳಿತು ಮೊಬೈಲು ನೋಡುತ್ತಿದ್ದರು. ನಮ್ಮಣ್ಣ ಪ್ಯಾಂಟು ಮೊಣಕಾಲಿಗೆ ಮಡಚಿ ಅವರ ಕಾರು ಒರೆಸುತ್ತಿದ್ದ.

“ಏ ಸುಶೀಲ, ಆ ಕಡೀ ಬಾಗಿಲಿಗಿ ಯಾರು, ನಿಮ್ಮಪ್ಪ ಒರಸ್ತಾನೇನು?”

“ಒರಸ್ತೇನ್ರೀ ಸಾಹೇಬ್ರ,” ಎಂದು ತಿರುಗಿದವನಿಗೆ ಗೇಟಿನಲ್ಲಿ ಡಬ್ಬಿ ಹಿಡಿದ ನಾನು ಕಂಡೆ.

ನಾನು ಡಬ್ಬಿ ಕಟ್ಟೆಯ ಮೇಲಿಟ್ಟು ಬಂದೆ. ನಕ್ಕಿದ್ದರೆ ಬೇರೆ ಮಾತು, ನಾನು ನಗಲಿಲ್ಲ. ಅವನಿಗೆ ಅದೇ ಹೆಚ್ಚು ಚುಚ್ಚಿರಬೇಕು.

ಆ ಸಂಜೆ ಅವನು ಬಂದದ್ದೇ ಟ್ಯಾಂಕಿನ ಎದುರು ನಿಂತು ಕೂಗಿದ. ಮೀನಿನ ನೀರು ಮಬ್ಬಾಗಿದೆ, ನಾನೇ ಏನೋ ಹಾಕಿದ್ದೇನೆ ಎಂದು. ಮರುದಿನ ಅವನ ಚಪ್ಪಲಿ ತುಳಿದದ್ದು ನಾನು. ಅದರ ಮರುದಿನ ನಾನು ಉಣ್ಣುವಾಗ ತಾಟು ಎಳೆದ. “ಕುಂತು ತಿನ್ಲಿಕ್ಕ ಧರ್ಮಶಾಲಾ ಏನಿದು?”

“ನಾನೂ ಪಗಾರ ಕೊಡ್ತೇನಿ ದಾದಾ.”

“ನಿನ್ನ ಪಗಾರದಾಗ ನನ್ನ ಮೀನು ಸುದ್ದಾ ಬದುಕೂದಿಲ್ಲ!”

ಒಂದು ವಾರ ಹೀಗೇ ನಡೆಯಿತು. ಆಮೇಲೆ ಅವ್ವ, ಅಪ್ಪ ಇಬ್ಬರೂ ಸೇರಿ ನನ್ನನ್ನು ಮಾಳಿಗೆಯ ಮೇಲೆ ಕರೆದು ಕೂರಿಸಿದರು. ಅವರು ಜೋಡಿಯಾಗಿ ಬಂದರೆ ಬಿದ್ದವನ ಮೇಲೇ ಕಲ್ಲು ಹೇರುತ್ತಾರೆ.

“ನಾಗಸೇನ, ಸ್ವಲ್ಪ ದಿನ ಔರಾದಕ್ಕ ನಿಮ್ಮತ್ತಿ ಮನಿಗಿ ಹೋಗು. ಗಿರಣಿಗಿ ಮಂದಿ ಇಲ್ಲಂತ,” ಎಂದ ಅಪ್ಪ.

“ಕಡಿಯಾಂವ ಅವ, ಹೋಗಾಂವ ನಾನಾ?”

“ನೀ ಸಣ್ಣಾವ. ನೀ ಇಲ್ಲಂದರ ಅವನೂ ಶಾಂತ ಆಗ್ತಾನ, ಮನೀನೂ ಶಾಂತ ಆಗ್ತದ,” ಎಂದಳು ಅವ್ವ.

ಮುಜೀಬ ಸಾಬರಿಗೆ ಹೇಳಿ ಹೋದೆ. ಔರಾದದಲ್ಲಿ ಅತ್ತೆಯ ಗಂಡನ ಹಿಟ್ಟಿನ ಗಿರಣಿ. ಅವನು ದಿನವಿಡೀ ಬಾಗಿಲಲ್ಲಿ ಕುಳಿತು ಬಂದವರ ಎದುರು, “ಇವ ನಮ್ಮ ಹೆಂಡ್ತಿ ಅಣ್ಣನ ಮಗ, ಸಾಲಿ ತಲಿಗಿ ಹತ್ತಲಿಲ್ಲ,” ಎಂದು ಪರಿಚಯ ಮಾಡಿಸುತ್ತಿದ್ದ. ನಾನು ಜೋಳ ಹಾಕಿ, ಹಿಟ್ಟು ತುಂಬಿ, ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು ನಿಲ್ಲುತ್ತಿದ್ದೆ. ಅತ್ತೆ ಒಳ್ಳೆಯವಳು. ರೊಟ್ಟಿಗೆ ಶೇಂಗಾ ಹಿಂಡಿಯ ಮೇಲೆ ಎಣ್ಣೆ ಜಾಸ್ತಿ ಹಾಕುವಳು. ಬಾಯಿ ಮಾತ್ರ ತೆರೆಯಳು.

ಹತ್ತು ದಿನಕ್ಕೆ ಮುಜೀಬ ಸಾಬರ ಫೋನು ಬಂತು. “ಬೇಟಾ, ನಿಮ್ಮಣ್ಣ ಅಂಗಡಿಗಿ ಬಂದಿದ್ದ. ಬಾಲ ಹರದ ಮೀನು ನೀರು ತುಂಬಿದ ಪ್ಲಾಸ್ಟಿಕ್ ಪಿಶವಿಯಾಗ ಹಾಕ್ಕೊಂಡು ಬಂದು, ‘ಇದನ್ನ ನೀವಾ ಇಟ್ಕೋರಿ, ಇದು ಹೋದರ ಶಾಂತ ಆಗ್ತದ’ ಅಂದ. ನಾಲ್ಕು ದಿನಕ್ಕ ಇನ್ನೊಂದು ತಂದ. ಇವತ್ತ ಮೂರನೇದು.”

“ನೀವೇನ್ ಅಂದ್ರಿ?”

“ಏನಂತೇನಿ? ಕಡಿಸ್ಕೊಳ್ಳೂ ಮೀನು ತೆಗದರ ಕಡಿಯೂದು ನಿಂದ್ರೂದಿಲ್ಲ ಸಾಬ್, ಮುಂದಿನ ಮೀನಿಂದು ಪಾಳಿ ಬರ್ತದ ಅಂದೆ. ನೀಲಿ ಒಂದೇ ಉಳಿದಾಗ ಪಕ್ಕಾ ಶಾಂತ ಆಗ್ತದ ಅಂದೆ. ಸಿಟ್ಟಾಗಿ ಹೋದ.”

ನಾನು ಗಿರಣಿಯ ಗದ್ದಲದಲ್ಲಿ ನಕ್ಕೆ. ಆ ನಗು ಮರುದಿನದ ತನಕವೂ ಉಳಿಯಲಿಲ್ಲ. ಆಮ್ರಪಾಲಿ ಅಪ್ಪನ ಫೋನಿನಿಂದ ಮಾತಾಡಿದಳು.

“ನಾಗಣ್ಣ, ಮೊದಲನೇ ಪೇಪರ್ ಹೋಯ್ತು.”

“ಸರಿ ಬರೀಲಿಲ್ಲೇನು?”

“ಬರೀಲಿಕ್ಕೇ ಹೋಗ್ಲಿಲ್ಲ. ಒಂಬತ್ತೂವರಿಗಿ ಪೇಪರ್. ಎಂಟೂವರಿಗಿ ಹೊರಡಬೇಕಂದರ ದಾದಾ, ‘ಅಮ್ರಾ, ಸಾಕ್ಸ್ ಎಲ್ಲಿ’ ಅಂದ. ಕೊಟ್ಟೆ. ‘ರೊಟ್ಟಿ ಸೀದದ, ಬ್ಯಾರೇ ಮಾಡು’ ಅಂದ. ಮಾಡ್ದೆ. ‘ಅಂಗಿ ಗುಂಡಿ ಹರದದ’ ಅಂದ. ಹಚ್ಚಿದೆ. ಅವ ಹೋಗೂದ್ರಾಗ ಒಂಬತ್ತೂ ಹತ್ತು. ಆಟೋ ಸಿಗಲಿಲ್ಲ. ಕಾಲೇಜಿನ ಗೇಟ್ ಮುಚ್ಚಿದ್ದರು.”

“ಬ್ಯಾಡ ಅಂದನೇನು?”

“ಬ್ಯಾಡ ಅಂದಿದ್ದರ ಜಗಳಾ ಮಾಡ್ತಿದ್ದೆ. ಅನ್ನಲಿಲ್ಲ. ಬರೀ ಓಡಾಡಿಸಿದ.” ಅವಳ ದನಿ ಒಣಗಿತ್ತು. “ವಾಪಸ್ ಬಂದಾಗ ಏನಂದ ಗೊತ್ತಾ? ಇನ್ನೊಂದು ಪೇಪರ್ ಹೋತಂದರ ಸಾಕು, ಪುಸ್ತಕಾ ಕಟ್ಟಿಡು, ಸಪನಾ ಬರೂ ತನಾ ಮನಿ ನೋಡು ಅಂದ. ಅಪ್ಪ ಹೂಂ ಅಂದ.”

“ಎಷ್ಟ್ ಪೇಪರ್ ಉಳದಾವ?”

“ಐದು.”

ಅವ್ವ ಅಪ್ಪ ಮಾಡಿದ್ದೂ ಪಿಶವಿಯ ಕೆಲಸವೇ. ಸಪನಾ ಹೋದಳು, ನನ್ನ ಪಾಳಿ ಬಂತು. ನನ್ನನ್ನು ತೆಗೆದು ಔರಾದದಲ್ಲಿಟ್ಟರು, ಆಮ್ರಪಾಲಿಯ ಪಾಳಿ ಬಂತು. ನಾನು ಗಿರಣಿಯ ಪಟ್ಟೆ ಇಳಿಸಿ, ಮುಖ ತೊಳೆದು, ಸಂಜೆಯ ಬಸ್ಸು ಹಿಡಿದೆ. “ಹಿಟ್ಟು ಅರ್ಧ ಬಿಟ್ಟು ಹ್ವಾದನಲ್ಲ, ಸಾಲೀನೂ ಹಿಂಗೇ ಬಿಟ್ಟಾನ ನೋಡ್ರಿ,” ಎಂದು ಅತ್ತೆಯ ಗಂಡ ಗಿರಾಕಿಗಳಿಗೆ ಹೇಳುತ್ತಿದ್ದ.

ಬೀದರದಲ್ಲಿ ಇಳಿದು ಮೊದಲು ಅಂಗಡಿಗೆ ಹೋದೆ. ನನ್ನ ಪಗಾರದಲ್ಲಿ ಹಿಡಿಯಿರಿ ಎಂದು ಹನ್ನೆರಡು ಸಿಕ್ಲಿಡ್ ಎತ್ತಿಕೊಂಡೆ. ಅಣ್ಣ ತಂದುಕೊಟ್ಟ ಮೂರೂ ಅದರಲ್ಲಿದ್ದವು, ಮೊದಲು ಬಂದದ್ದರ ಬಾಲ ಚಿಗುರತೊಡಗಿತ್ತು.

ಎರಡನೇ ಪೇಪರಿನ ಮುಂಜಾನೆ ಎಂಟಕ್ಕೆ, ಅಣ್ಣ ಹಲ್ಲುಜ್ಜುತ್ತ ಪಡಸಾಲೆಗೆ ಬಂದಾಗ, ನಾನು ಮೊಣಕೈ ತನಕ ಅವನ ಟ್ಯಾಂಕಿನಲ್ಲಿದ್ದೆ. ದೊಡ್ಡ ಕಲ್ಲನ್ನು ಎಡದಿಂದ ಬಲಕ್ಕೆ ತಂದಿದ್ದೆ, ಸಣ್ಣವನ್ನೆಲ್ಲ ಕದಲಿಸಿದ್ದೆ. ನೀಲಿ ಗಂಡನ್ನು ಹಿಡಿದು ಬಕೆಟ್ಟಿಗೆ ಹಾಕಿದ್ದೆ.

“ಏಯ್! ನನ್ನ ಟ್ಯಾಂಕಿಗಿ ಯಾಕ ಕೈ ಹಾಕ್ದಿ?” ಅವನ ಬಾಯಿಯ ನೊರೆ ನನ್ನ ತೋಳಿಗೆ ಸಿಡಿಯಿತು.

“ಎರಡು ಹಳದಿ ಉಳದಾವ. ಅವೂ ಸಾಯಬೇಕೇನು?”

“ಸಾಯ್ಲಿ! ನನ್ನವು ಅವ!”

“ನಿನ್ನವು ಆದರ ಸಾಕಲಿಕ್ಕ ಕಲಿ.”

ಅವನು ಒಂಬತ್ತನೇ ಇಯತ್ತೆಯಿಂದ ಶುರು ಮಾಡಿ ನನ್ನ ಹುಟ್ಟಿನ ತನಕ ಹೋದ. ನಾನೂ ಒಂದಕ್ಕೆ ಎರಡು ಕೊಟ್ಟೆ. ಅವ್ವ, “ಮುಂಜಾನೆದ್ದು ಏನ್ರೋ ಇದು, ಓಣಿ ಮಂದಿ ಕೇಳ್ತಾರ,” ಎಂದು ನಡುವೆ ಬಂದಳು. ಈ ಗದ್ದಲದಲ್ಲಿ ಸಾಕ್ಸು, ರೊಟ್ಟಿ, ಗುಂಡಿ ಯಾವುದೂ ಅವನ ನೆನಪಿಗೆ ಬರಲಿಲ್ಲ. ಎಂಟೂವರೆಗೆ ಆಮ್ರಪಾಲಿ ಪ್ಯಾಡು ಎದೆಗೆ ಹಿಡಿದು ಗೋಡೆಯ ಬದಿಯಿಂದ ಹೊರಗೆ ಹೋದಳು. ನಾನು ಆಟೋ ಮೊದಲೇ ಹೇಳಿಟ್ಟಿದ್ದೆ.

ಹನ್ನೆರಡನ್ನೂ ಟ್ಯಾಂಕಿಗೆ ಬಿಟ್ಟು, ಕೊನೆಗೆ ನೀಲಿಯನ್ನು ಬಿಟ್ಟೆ. ಅದು ತನ್ನ ಕಲ್ಲು ಹುಡುಕುತ್ತ ಮೂರು ಸುತ್ತು ಹಾಕಿತು. ಒಂದನ್ನು ಅಟ್ಟಿತು, ನಡುವೆ ಇನ್ನೊಂದು ಬಂತು, ಮತ್ತೊಂದು ಬಂತು, ಯಾವುದರ ಹಿಂದೆ ಹೋಗಬೇಕೆಂದು ತಿಳಿಯದೆ ನಿಂತಿತು. ಮೀನು ಸಾಧು ಆಗಲಿಲ್ಲ. ಆ ವಾರವೆಲ್ಲ ಸಿಕ್ಕಸಿಕ್ಕದ್ದನ್ನು ಕಚ್ಚಿತು. ಸತ್ತದ್ದು ಮಾತ್ರ ಒಂದೂ ಇಲ್ಲ.

ಸಂಜೆ ಆಮ್ರಪಾಲಿ ರೊಟ್ಟಿ ಬಡಿಯುತ್ತ ಮೆಲ್ಲಗೆ ಅಂದಳು, “ಜಗಳಾ ಮಾಡೂದ್ರಾಗ ನೀ ಫಸ್ಟ್ ಕ್ಲಾಸ್ ನಾಗಣ್ಣ.”

“ನೀ ಹ್ಯಾಂಗ ಬರದಿ ಅದನ್ನ ಹೇಳು.”

“ಅದೂ ಫಸ್ಟ್ ಕ್ಲಾಸೇ. ಆದರ ನನ್ನ ಸಲುವಾಗಿ ಬೈಸ್ಕೋಬ್ಯಾಡ.”

“ನಿನ್ನ ಸಲುವಾಗಿ ಅಲ್ಲ, ನನಗ ಹೊತ್ತು ಹೋಗ್ಲತಿಲ್ಲ.”

ಮೂರನೇ ಪೇಪರಿನ ದಿನ ಅವನಿಗಾಗಿ ಕಾಯಿಸಿದ ಬಿಸಿನೀರಿನ ಬಕೆಟ್ಟನ್ನು ನಾನು ಸುರಿದುಕೊಂಡೆ. ಅವನು ಸೊಂಟಕ್ಕೆ ಟವೆಲು ಸುತ್ತಿಕೊಂಡು ಬಚ್ಚಲಿನ ಬಾಗಿಲು ಬಡಿದ. ಒಳಗೆ ನಾನು ಇನ್ನೂ ನಾಲ್ಕು ತಂಬಿಗೆ ನಿಧಾನವಾಗಿ ಹಾಕಿಕೊಂಡೆ. ಆಮ್ರಪಾಲಿಗೆ ಇಪ್ಪತ್ತು ನಿಮಿಷ ಸಿಕ್ಕಿತು. ಅವನ ಬೈಗುಳ ಕೇಳಿ ಪಕ್ಕದ ಮನೆಯ ಕುಲಸುಮಬೀ ಗೋಡೆಯ ಮೇಲಿಂದ ಇಣುಕಿ, “ಕ್ಯಾ ಹುವಾ ಸುಶೀಲ ಬಾಬು, ನಲ್ಲಿ ಬಂದಿಲ್ಲೇನು?” ಎಂದು ಕೇಳಿದರು.

ನಾಲ್ಕನೇ ಪೇಪರಿನ ದಿನ ಎಡವಟ್ಟಾಯಿತು. ನಾನು ಅವನ ಚಹಾ ಕುಡಿದೆ, ಸುಮ್ಮನಿದ್ದ. ಅವನ ಕುರ್ಚಿಯಲ್ಲಿ ಕುಳಿತೆ, ಸುಮ್ಮನಿದ್ದ. ಅವನ ಕಣ್ಣು ಬಾಗಿಲಿನತ್ತ ಹೋಯಿತು. ಆಮ್ರಪಾಲಿ ಚಪ್ಪಲಿ ಮೆಟ್ಟುತ್ತಿದ್ದಳು.

“ಅಮ್ರಾ, ಎಲ್ಲಿ ಹೊಂಟಿ? ನನ್ನ ನೀಲಿ ಅಂಗಿ ಒಗದೀಯೇನು?”

“ಒಗದೇನಿ ದಾದಾ. ಹಗ್ಗದ ಮ್ಯಾಲ ಅದ.”

“ಇಸ್ತ್ರಿ ಯಾರು ಮಾಡಬೇಕು? ಇಲ್ಲಿ ಬಾ.”

ಅವಳು ಒಂದು ಕಾಲಿನ ಚಪ್ಪಲಿ ಬಿಟ್ಟಳು. ಎಂಟೂ ಮೂವತ್ತೈದು. ನನ್ನ ಹತ್ತಿರ ಬೇರೆ ಏನೂ ಉಳಿದಿರಲಿಲ್ಲ.

“ಅಂಗಿ ಇಸ್ತ್ರಿ ಯಾಕ ಬೇಕು ದಾದಾ?” ಎಂದೆ. “ಸಾಹೇಬರ ಕಾರು ಒರಸ್ಲಿಕ್ಕ ಬನಿಯನ್ ಸಾಕಲ್ಲ?”

ಅಪ್ಪ ಚಹಾದ ಬಶಿ ಹಿಡಿದು ಕುಳಿತಿದ್ದ. “ಯಾವ ಕಾರು?” ಎಂದ.

“ಕೇಳು ನಿನ್ನ ಆಫೀಸರ್ ಮಗಗ. ಪ್ಯಾಂಟು ಮಡಚಿ ಒರಸ್ತಿದ್ದ. ‘ಆ ಕಡೀ ಬಾಗಿಲು ನಿಮ್ಮಪ್ಪ ಒರಸ್ತಾನೇನು’ ಅಂದ ಸಾಹೇಬ. ಇವ ‘ಒರಸ್ತೇನ್ರೀ’ ಅಂದ.”

ಸ್ಟೀಲಿನ ತಂಬಿಗೆ ಬಂದು ನನ್ನ ಹುಬ್ಬಿಗೆ ಬಡಿಯಿತು. ಅವ್ವ ಕಿರಿಚಿದಳು. ಆಮ್ರಪಾಲಿ ನನ್ನತ್ತ ಓಡಿ ಬರಲು ನೋಡಿದಳು. “ಹೋಗಂದ್ರ ಹೋಗು!” ಎಂದು ಅವಳ ಮೇಲೇ ಕೂಗಿದೆ. ಆ ಮನೆಯಲ್ಲಿ ನಾನು ಅವಳಿಗೆ ಬೈದದ್ದು ಅದೊಂದೇ ಸಲ. ಅವಳು ಹೋದಳು. ರಕ್ತ ಕಣ್ಣಿಗಿಳಿಯುತ್ತಿತ್ತು, ಆದರೂ ಆಟೋದ ಸದ್ದು ಮುಗಿಯುವ ತನಕ ನಾನು ಅಣ್ಣನ ಎದುರಿನಿಂದ ಅಲುಗಲಿಲ್ಲ.

ಸಂಜೆ ಅಪ್ಪ ಅರಿಶಿನ ಹಚ್ಚಿದ ಬಟ್ಟೆ ತಂದು ಪಕ್ಕದಲ್ಲಿ ಕುಳಿತ.

“ನೀ ದಿನಾ ಯಾಕ ಜಗಳಾ ತೆಗೀತಿ ನನಗ ಗೊತ್ತದ.”

“ಗೊತ್ತಿದ್ದೂ ಚಾ ಕುಡಕೋತ ಕುಂತಿದ್ದಿ?”

“ಮನಿ ನಡ್ಯೂದು ಅವನ ಪಗಾರದ ಮ್ಯಾಲ ನಾಗಸೇನ. ಮುದುಕಾದವಗ ಏನ್ ಬಾಯಿ ಇರ್ತದ?” ಬಟ್ಟೆ ನನ್ನ ಹುಬ್ಬಿಗೆ ಒತ್ತಿದ. ಎಂಜಿನ್ ಬಿಚ್ಚಿದ ಕೈ, ಒರಟು. “ಇನ್ನ ಎರಡು ಪೇಪರ್ ಅವ. ಅವು ಮುಗಿಲಿ. ಆಮ್ಯಾಲ ನೀ ಈ ಮನ್ಯಾಗ ಇರಬ್ಯಾಡ. ಅವ ಇನ್ನ ನಿನಗ ಬಿಡೂದಿಲ್ಲ.”

“ಮತ್ತ ಪಿಶವಿಯಾಗ ಹಾಕ್ತಿ?”

ಅವನಿಗೆ ಆ ಮಾತು ತಿಳಿಯಲಿಲ್ಲ.

“ಅಕೀಗಿ ನೌಕರಿ ಸಿಗೂ ತನಾ ಅಕೀಗಿ ಯಾರು?” ಎಂದೆ.

“ಪರೀಕ್ಷಾ ಮುಗದ ದಿನಾ ನಾನೇ ಅಕೀನ ಕಮಠಾಣಕ್ಕ ಬಿಟ್ಟು ಬರ್ತೇನಿ. ಸಪನಾಗೂ ಜೊತಿ ಆಗ್ತದ. ಸಪನಾನ ತಮ್ಮ ಅಲ್ಲೇ ಕೋಚಿಂಗ್ ಹಚ್ಚಿಸಿ ಕೊಡ್ತಾನಂತ. ನಾ ಮಾತಾಡೇನಿ.”

ಅಪ್ಪ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ್ದನ್ನು ನಾನು ಆ ದಿನ ಮೊದಲು ಕಂಡೆ. ಅದನ್ನೂ ಅವನು ಕಳ್ಳನ ಹಾಗೆ ಪಿಸುಗುಟ್ಟಿ ಹೇಳಿದ.

ಐದನೇ ಪೇಪರಿನ ದಿನ ನಾನು ಏನೂ ಮಾಡಬೇಕಾಗಲಿಲ್ಲ. ಹುಬ್ಬಿಗೆ ಬಟ್ಟೆ ಕಟ್ಟಿಕೊಂಡು ಎದುರಿಗೆ ಕುಳಿತದ್ದೇ ಸಾಕಾಯಿತು. ಆಫೀಸಿಗೆ ಹೋಗುವ ತನಕ ಅಣ್ಣ ನನ್ನ ಮೇಲೆಯೇ ಹಲ್ಲು ಮಸೆದ.

ಕೊನೆಯ ಪೇಪರಿನ ದಿನ ಭಾಲ್ಕಿಗೆ ಜೊತೆಗೆ ಹೋಗಲು ಸ್ವಪ್ನಿಲ ಬೇಗ ಬಂದು ಪಡಸಾಲೆಯಲ್ಲಿ ಸುಸಲಾ ತಿನ್ನುತ್ತಿದ್ದ. ಕುಲಸುಮಬೀ ಸಾಲ ಒಯ್ದ ಸಕ್ಕರೆ ವಾಪಸು ಕೊಡಲು ಬಂದು ಅವ್ವನ ಹತ್ತಿರ ನಿಂತಿದ್ದರು. ಎಂಟೂವರೆಗೆ ಆಮ್ರಪಾಲಿ ಹೊರಗೆ ಬಂದಳು. ಅಣ್ಣ ಬಾಯಿ ತೆರೆದ. ನಾನು ಎದ್ದು ಅವನ ಮೋಟರ್ ಸೈಕಲ್ಲಿನ ಚಾವಿ ಗೂಟದಿಂದ ತೆಗೆದು ಕಿಸೆಗೆ ಹಾಕಿಕೊಂಡೆ.

“ಇಡು ಅದನ್ನ!”

“ಇವತ್ತ ಗಾಡಿ ನನಗ ಬೇಕು.”

ಅವನು ನನ್ನ ಕಾಲರು ಹಿಡಿದ. ಸ್ವಪ್ನಿಲ ತಾಟು ಹಿಡಿದೇ ಹಿಂದೆ ಸರಿದ. ಗೇಟಿನಲ್ಲಿ ಆಮ್ರಪಾಲಿ ತಿರುಗಿ ನೋಡಿದಳು. ನಾನು ಗದ್ದ ಎತ್ತಿ ಹೋಗು ಎಂದೆ. ಆಟೋ ಹೊರಟಿತು, ಓಣಿಯ ತಿರುವಿನಲ್ಲಿ ಹಾರ್ನ್ ಹೊಡೆಯಿತು, ಸದ್ದು ಸಣ್ಣದಾಯಿತು. ನಾನು ಚಾವಿ ತೆಗೆದು ಅವನ ಕೈಯಲ್ಲಿಟ್ಟೆ.

ಅದು ಅವನಿಗೆ ಇನ್ನೂ ಸಿಟ್ಟು ತಂದಿತು.

“ನೋಡ್ರಿ, ಎಲ್ಲಾರೂ ನೋಡ್ರಿ! ನಾಯಿ ಸುದ್ದಾ ಅನ್ನ ಹಾಕಿದ ಮನಿಗಿ ಬೊಗಳೂದಿಲ್ಲ. ಇದು ಅದಕಿಂತ ಕಡಿ. ಸಾಲಿ ಇಲ್ಲ, ನೌಕರಿ ಇಲ್ಲ, ನಾಳಿ ಯಾವ ಗಟಾರದಾಗ ಸತ್ತರ ಕೇಳೂ ಮಂದಿ ಇಲ್ಲ!” ಎದೆಗೆ ಒಂದು ದಬ್ಬಿದ. “ಹೇಳು, ಮತ್ತ ಯಾಕ ಬಂದಿ ಈ ಮನಿಗಿ? ಎಂಟು ದಿನಾ ಕುಣದ್ಯಲ್ಲ, ಏನು ಸಿಕ್ಕಿತು ನಿನಗ? ಇವರೆಲ್ಲರ ಮುಂದ ಹೇಳು!”

ಸ್ವಪ್ನಿಲ ನನ್ನ ಬಾಯಿ ನೋಡುತ್ತಿದ್ದ. ಅಪ್ಪ ನೆಲ ನೋಡುತ್ತಿದ್ದ. ಅವ್ವ ಕುಲಸುಮಬೀ ಕೊಟ್ಟ ಸಕ್ಕರೆಯ ಬಟ್ಟಲಿಗೆ ಸೆರಗು ಮುಚ್ಚಿದಳು. ಗೋಡೆಯ ಗಡಿಯಾರದಲ್ಲಿ ಒಂಬತ್ತಕ್ಕೆ ಹದಿನೈದು ನಿಮಿಷ ಕಡಿಮೆ. ಆಟೋ ಇಷ್ಟು ಹೊತ್ತಿಗೆ ಮುಖ್ಯ ರಸ್ತೆ ಸೇರಿರುತ್ತದೆ, ಇನ್ನು ಇವನ ದನಿ ಅಲ್ಲಿಗೆ ಮುಟ್ಟುವುದಿಲ್ಲ.

“ನಿನಗ ಕೇಳ್ಲಾಕತ್ತೇನಿ! ಬಾಯಿ ಬಿದ್ದದೇನು?”

ನಾನು ಅಂಗಿಯ ಕಾಲರು ಸರಿ ಮಾಡಿಕೊಂಡೆ, ಚಪ್ಪಲಿ ಮೆಟ್ಟಿದೆ, ಗೇಟು ತೆಗೆದು ಶಹಾಗಂಜಿನ ಅಂಗಡಿಯ ಕಡೆ ನಡೆದೆ.